ವಿಶ್ವವಿದ್ಯಾಲಯ ಬದಲಾದರೂ ವಿಳಾಸ ಬದಲಾಗಬಾರದು

ಅನಗವಾಡಿಯಲ್ಲಿ ನಮ್ಮ ಓಣಿಯ ಮಕ್ಕಳು ಯಾವ್ಯಾವ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ ಎಂದು ಕೇಳುತ್ತ ಹೋದರೆ ಅರ್ಧ ಕರ್ನಾಟಕದ ಊರುಗಳ ಹೆಸರು ಬರುತ್ತವೆ. ಬೀಳಗಿಗೆ ಬಸ್ಸಿನಲ್ಲಿ ಹೋಗಿ ಬಿ.ಎ. ಓದುವ ಹುಡುಗ ಜಮಖಂಡಿಯಲ್ಲಿರುವ ಬಾಗಲಕೋಟೆ ವಿಶ್ವವಿದ್ಯಾಲಯದವನು. ಮಹಿಳಾ ಕಾಲೇಜಿಗೆ ಸೇರಿದ ಅವನ ಅಕ್ಕನಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಎದುರು ಮನೆಯ ಎಂಜಿನಿಯರಿಂಗ್ ಹುಡುಗನಿಗೆ ಬೆಳಗಾವಿಯ ವಿಟಿಯು, ನರ್ಸಿಂಗ್ ಹುಡುಗಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ವಕೀಲಿ ಓದುವವನಿಗೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ, ತೋಟಗಾರಿಕೆಯವನಿಗೆ ಬಾಗಲಕೋಟೆಯ ಉದ್ಯಾನಗಿರಿ. ಮನೆಯಲ್ಲಿದ್ದುಕೊಂಡೇ ಎಂ.ಎ. ಕಟ್ಟಿದ ಸೊಸೆಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ.

ಇವೆಲ್ಲವೂ ಸರ್ಕಾರದ ವಿಶ್ವವಿದ್ಯಾಲಯಗಳೇ. ಆದರೆ ಒಂದೊಂದರ ವೆಬ್‌ಸೈಟ್ ಒಂದೊಂದು ತರಹ. ಪರೀಕ್ಷಾ ಶುಲ್ಕದ ಸುತ್ತೋಲೆ ಒಂದರಲ್ಲಿ ಮುಖಪುಟದ ಮೇಲೆ ಓಡುವ ಅಕ್ಷರಗಳಲ್ಲಿ ಇರುತ್ತದೆ, ಇನ್ನೊಂದರಲ್ಲಿ ಮೂರು ಪುಟ ಒಳಗೆ ಹೋಗಬೇಕು, ಮತ್ತೊಂದರಲ್ಲಿ ಸಿಕ್ಕರೂ ಮೊಬೈಲಿನಲ್ಲಿ ತೆರೆಯುವುದಿಲ್ಲ. ಹೀಗಾಗಿ ನಮ್ಮ ಹುಡುಗರು ವೆಬ್‌ಸೈಟ್ ನೋಡುವುದನ್ನೇ ಬಿಟ್ಟಿದ್ದಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಯಾರಾದರೂ ಸುತ್ತೋಲೆಯ ಫೋಟೊ ಹಾಕುವವರೆಗೆ ಕಾಯುತ್ತಾರೆ.

ಆ ಫೋಟೊ ಹೇಗಿರುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ನಾನು ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಓಣಿಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕುಂತಿರುತ್ತಾಳೆ. ಕಾಗದವನ್ನು ಮೇಜಿನ ಮೇಲಿಟ್ಟು ಓರೆಯಾಗಿ ತೆಗೆದ ಚಿತ್ರ. ಅರ್ಧದ ಮೇಲೆ ತೆಗೆದವರ ಕೈಯ ನೆರಳು. ಜಾವಕ ಸಂಖ್ಯೆಯ ಮೇಲೆ ಸೀಲು ಬಿದ್ದು ಇಸವಿ ಮುಚ್ಚಿಹೋಗಿದೆ. ದಂಡವಿಲ್ಲದೆ ಶುಲ್ಕ ತುಂಬುವ ಕೊನೆಯ ದಿನಾಂಕ ಇರುವ ಸಾಲು ಸರಿಯಾಗಿ ಮಡಿಕೆಯ ಮೇಲೆ ಬಂದಿದೆ. ‘ಅಕ್ಕಾರ, ಇದು ಈ ವರ್ಷದ್ದೇನ್ರಿ, ಹ್ವಾದ ವರ್ಷದ್ದೇನ್ರಿ?’ ಎಂದು ಅವಳು ಕೇಳುತ್ತಾಳೆ. ಕೇಳುವುದರಲ್ಲಿ ನ್ಯಾಯವಿದೆ. ಹೋದ ವರ್ಷದ ಸುತ್ತೋಲೆಗಳೂ ಅದೇ ಗುಂಪಿನಲ್ಲಿ ತಿರುತಿರುಗಿ ಬರುತ್ತಿರುತ್ತವೆ. ಅವಳ ಅಪ್ಪ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಮುಂಗಡ ಕೊಟ್ಟು ಕೈ ಖಾಲಿ ಮಾಡಿಕೊಂಡಿರುವ ಹೊತ್ತು. ಶುಲ್ಕದ ಮೇಲೆ ದಂಡ ಬಿದ್ದರೆ ಆ ಮನೆಗೆ ಅದು ಸಣ್ಣ ವಿಷಯವಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳೂ ಅವುಗಳಿಗೆ ಸಂಯೋಜನೆಗೊಂಡ ಕಾಲೇಜುಗಳೂ ಒಂದೇ ವೆಬ್ ವ್ಯವಸ್ಥೆಯ ಮೇಲೆ ಬರಬೇಕು. ಆದರೆ ಅದರಲ್ಲಿ ಬರೆಯುವ ಅಧಿಕಾರ ಆಯಾ ಕಾಲೇಜಿನಲ್ಲೇ ಇರಬೇಕು. ಮತ್ತು ಒಮ್ಮೆ ಕೊಟ್ಟ ವಿಳಾಸ, ವಿಶ್ವವಿದ್ಯಾಲಯ ಒಡೆದರೂ ಕೂಡಿದರೂ, ಹಾಗೆಯೇ ಉಳಿಯಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡರಿಂದ ಪ್ರಯೋಜನವಿಲ್ಲ.

ಕಾಲೇಜಿನ ವೆಬ್‌ಸೈಟ್ ಎಂಬುದು ಹುಟ್ಟುವುದು ಹೇಗೆ ಎಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗ ಅದು ಹುಟ್ಟುತ್ತದೆ. ಸ್ವಯಂ ಅಧ್ಯಯನ ವರದಿ, ವಾರ್ಷಿಕ ಗುಣಮಟ್ಟ ವರದಿ, ಆಂತರಿಕ ಗುಣಮಟ್ಟ ಕೋಶದ (ಐಕ್ಯುಎಸಿ) ಸಭೆಯ ನಡಾವಳಿ, ವಿದ್ಯಾರ್ಥಿಗಳ ಅಭಿಪ್ರಾಯ, ಎಲ್ಲವೂ ಕಾಲೇಜಿನ ವೆಬ್‌ಸೈಟಿನಲ್ಲಿ ಇರಬೇಕು, ಅದರ ಕೊಂಡಿಯನ್ನು ಅರ್ಜಿಯಲ್ಲಿ ಕೊಡಬೇಕು. ಆಗ ಪ್ರಾಂಶುಪಾಲರು ಸ್ಟಾಫ್ ರೂಮಿನತ್ತ ನೋಡುತ್ತಾರೆ. ಕಂಪ್ಯೂಟರ್ ಬಲ್ಲ ಅತಿಥಿ ಉಪನ್ಯಾಸಕರೊಬ್ಬರು ಸಿಗುತ್ತಾರೆ. ಇಲ್ಲದಿದ್ದರೆ ಗ್ರಂಥಪಾಲಕರು. ಹತ್ತಿರದ ಪೇಟೆಯ ಯಾರೋ ಒಬ್ಬರು ಮೂರು ವರ್ಷಕ್ಕೆಂದು ವೆಬ್‌ಸೈಟ್ ಮಾಡಿಕೊಡುತ್ತಾರೆ. ತಂಡ ಬಂದು ಹೋಗುತ್ತದೆ, ಗ್ರೇಡ್ ಬರುತ್ತದೆ. ಆಮೇಲೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ.

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಕಾಲೇಜಿನಲ್ಲಿ ವೆಬ್‌ಸೈಟ್ ಮಾಡಿದ ಅತಿಥಿ ಉಪನ್ಯಾಸಕ ಬೇರೆ ಕೆಲಸ ಸಿಕ್ಕು ಬೆಂಗಳೂರಿಗೆ ಹೋದ. ವಿಳಾಸವನ್ನು ನೋಂದಾಯಿಸಿದ್ದು ಅವನ ಸ್ವಂತ ಮೊಬೈಲ್ ನಂಬರಿನಲ್ಲಿ. ನವೀಕರಣದ ಒಟಿಪಿ ಅವನಿಗೇ ಹೋಗುತ್ತಿತ್ತು. ಅವನು ನಂಬರ್ ಬದಲಿಸಿದ, ಅವಧಿ ಮುಗಿಯಿತು, ಆ ವಿಳಾಸವನ್ನು ಬೇರೆ ಯಾರೋ ಕೊಂಡರು. ಕಾಲೇಜಿನ ಹೆಸರು ಹೊಡೆದರೆ ಆನ್‌ಲೈನ್ ಜೂಜಿನ ಪುಟ ತೆರೆಯತೊಡಗಿತು. ಪ್ರವೇಶದ ಪುಸ್ತಿಕೆಯ ಹಿಂಬದಿಯಲ್ಲಿ ಆ ವಿಳಾಸ ಅಚ್ಚಾಗಿತ್ತು. ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ಮೊಬೈಲ್ ತೋರಿಸಿ, ‘ಇದೇನ್ರಿ ಮೇಡಮ್ಮಾರ, ನಿಮ್ಮ ಕಾಲೇಜಿನಾಗ?’ ಎಂದು ಕೇಳಿದಾಗ ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಆ ಹುಡುಗನನ್ನು ನಾನು ದೂರುವುದಿಲ್ಲ. ತಿಂಗಳುಗಟ್ಟಲೆ ಗೌರವಧನಕ್ಕೆ ಕಾಯುತ್ತ ರಾತ್ರಿ ಮನೆಯಲ್ಲಿ ಕುಂತು ಆ ಕೆಲಸ ಮಾಡಿದವ ಅವನು. ಅವನ ಜೇಬಿನಲ್ಲಿರುವ ಮೊಬೈಲನ್ನು ನಂಬಿ ಒಂದು ಸಂಸ್ಥೆಯ ಹೆಸರನ್ನು ಇಡಬಾರದಿತ್ತು.

ಈ ಜಿಲ್ಲೆಯ ಕಾಲೇಜುಗಳ ಕಷ್ಟ ಇನ್ನೂ ಒಂದು ಪದರ ಆಳದ್ದು. ನಮ್ಮ ಹಳೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮಡಿಲಲ್ಲಿ ಬೆಳೆದವು. ಜಮಖಂಡಿಯ ಬಿಎಲ್‌ಡಿಇ ಕಾಲೇಜು, ಮುಧೋಳದ ಎಸ್.ಆರ್. ಕಂಠಿ ಕಾಲೇಜು ಯಾವುದನ್ನು ಕೇಳಿದರೂ ಹಳೆಯ ವಿದ್ಯಾರ್ಥಿಗಳ ಅಂಕಪಟ್ಟಿಯ ಮೇಲೆ ಧಾರವಾಡದ ಮುದ್ರೆ ಇರುತ್ತದೆ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಅದಕ್ಕೆ ಸೇರಿದವು. 2023ರಲ್ಲಿ ರಾಜ್ಯ ಸರ್ಕಾರ ಬೀದರ್, ಹಾವೇರಿ, ಕೊಪ್ಪಳ, ಹಾಸನ, ಕೊಡಗು, ಚಾಮರಾಜನಗರದ ಜೊತೆಗೆ ಬಾಗಲಕೋಟೆಗೂ ಹೊಸ ವಿಶ್ವವಿದ್ಯಾಲಯ ಕೊಟ್ಟಿತು. ಜಮಖಂಡಿ ಅದರ ಕೇಂದ್ರವಾಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ಅಂದರೆ ಕಟ್ಟಡ ಅದೇ, ಉಪನ್ಯಾಸಕರು ಅವರೇ, ಬೆಂಚುಗಳೂ ಅವೇ ಇದ್ದರೂ ನಮ್ಮ ಕಾಲೇಜುಗಳು ಹದಿಮೂರು ವರ್ಷದೊಳಗೆ ಮೂರು ವಿಶ್ವವಿದ್ಯಾಲಯಗಳ ಹೆಸರು ಹೊತ್ತಿವೆ.

ಜಮಖಂಡಿಯಲ್ಲಿ ವಿಶ್ವವಿದ್ಯಾಲಯ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ವಾದಕ್ಕೆ ಬೇರೆಯದೇ ಲೇಖನ ಬೇಕು. ಇಲ್ಲಿ ಕೇಳುತ್ತಿರುವುದು ಬೇರೆ: ಪ್ರತಿ ಸಲ ವಿಶ್ವವಿದ್ಯಾಲಯ ಬದಲಾದಾಗ ಅದರ ಪುಟಗಳಿಗೆ ಏನಾಗುತ್ತದೆ? ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ, ಪರೀಕ್ಷಾ ನಿಯಮ, ಸಂಯೋಜನೆಯ ಆದೇಶ, ಇವು ಎಲ್ಲಿ ಹೋಗುತ್ತವೆ?

ಗ್ರಂಥಾಲಯದಲ್ಲಿ ಕುಂತವರಿಗೆ ಈ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಭಾಗದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮುಗಿಸಿದ ಹೆಣ್ಣುಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ವಿದೇಶದಲ್ಲಿ ಮುಂದೆ ಓದಲು ಅರ್ಜಿ ಹಾಕಿದಳು. ಅಲ್ಲಿಯವರು ಅಂಕಪಟ್ಟಿಯಷ್ಟೇ ಅಲ್ಲ, ಪ್ರತಿ ಸೆಮಿಸ್ಟರಿನ ಪ್ರತಿ ಪತ್ರಿಕೆಯಲ್ಲಿ ಏನೇನು ಕಲಿಸಿದ್ದಾರೆ ಎಂಬ ಪಠ್ಯಕ್ರಮವನ್ನೂ ಕೇಳಿದರು. ಕಾಲೇಜಿನ ಪುಟದಲ್ಲಿ ‘ಪಠ್ಯಕ್ರಮ’ ಎಂಬ ಕೊಂಡಿ ಇತ್ತು. ಒತ್ತಿದರೆ ಏನೂ ತೆರೆಯಲಿಲ್ಲ. ಅವಳು ಫೋನ್ ಮಾಡಿದಾಗ ನಾನು ಹಿಂಬದಿಯ ಕಪಾಟಿನಿಂದ ಹಸಿರು ರಟ್ಟು ಹಾಕಿದ ಹಳೆಯ ಪ್ರತಿ ಹುಡುಕಿ ತೆಗೆದೆ. ಮೊದಲ ಪುಟದ ಮೇಲೆ ಯಾರೋ ಪೆನ್ಸಿಲ್‌ನಿಂದ ಭೌತಶಾಸ್ತ್ರದ ಪ್ರಯೋಗಗಳ ಸಂಖ್ಯೆ ಗುರುತು ಹಾಕಿದ್ದರು. ಪುಟ ಪುಟವೂ ಝೆರಾಕ್ಸ್ ಮಾಡಿಸಿ, ಸಹಿ ಸೀಲು ಹಾಕಿಸಿ ಕಳಿಸಿದೆವು. ಆ ಪ್ರತಿಗೆ ಗೆದ್ದಲು ಹತ್ತಿದ್ದರೆ ಅವಳು ಓದಿದ ಮೂರು ವರ್ಷಕ್ಕೆ ಪುರಾವೆ ಹುಡುಕಿಕೊಂಡು ಅಲೆಯಬೇಕಿತ್ತು.

ಕೆಲವೊಮ್ಮೆ ಹೀಗೆ ಕಳೆದುಹೋದ ಪುಟಗಳು ನನಗೆ ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಆ ಸಂಸ್ಥೆ 1996ರಿಂದ ಲೋಕದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದೆ. ವೇಬ್ಯಾಕ್ ಮೆಷಿನ್ ಎಂಬ ಅದರ ಹುಡುಕು ಪುಟದಲ್ಲಿ ಹಳೆಯ ವಿಳಾಸ ಹೊಡೆದರೆ, ಅದೃಷ್ಟವಿದ್ದರೆ, ಬೇಕಾದ ಕಡತ ಸಿಗುತ್ತದೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಬೀಳಗಿಯ ಹುಡುಗಿ ಏನು ಕಲಿತಳು ಎಂಬ ದಾಖಲೆಯನ್ನು ಸ್ಯಾನ್ ಫ್ರಾನ್ಸಿಸ್ಕೊದವರು ಕಾಯಬೇಕೇ? ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಟಿಪ್ಪಣಿ ಬರೆದು, ಒಳ್ಳೆಯ ವೆಬ್ ವಿಳಾಸ ಎಂದೂ ಬದಲಾಗುವುದಿಲ್ಲ, ಬದಲಾಗುವುದಾದರೆ ಬದಲಿಸಿದವರೇ ಅದಕ್ಕೆ ಹೊಣೆ ಎಂಬ ಅರ್ಥದ ಮಾತು ಹೇಳಿದ್ದಾರೆ.

ಇದು ನಮ್ಮ ಸೀಮೆಗೆ ಬೇಗ ಅರ್ಥವಾಗುವ ಮಾತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಕೃಷ್ಣೆ, ಘಟಪ್ರಭೆಯ ದಂಡೆಯ ಊರುಗಳು ಎದ್ದು ಬೇರೆ ಕಡೆ ಕುಂತವು. ಬಾಗಲಕೋಟೆಯೇ ನವನಗರಕ್ಕೆ ಹೋಯಿತು. ಹೋಗುವಾಗ ಮಂದಿ ದೇವರನ್ನೂ ತೊಲೆ ಬಾಗಿಲುಗಳನ್ನೂ ಹೊತ್ತುಕೊಂಡು ಹೋದರು. ಹಳೆಯ ಊರಿನ ಮನೆ ಯಾರದು, ಹೊಸ ಊರಿನ ನಿವೇಶನ ಯಾವುದು ಎಂಬುದಕ್ಕೆ ದಾಖಲೆ ಕೂಡಿಸಿದರು, ಆ ದಾಖಲೆಗಾಗಿ ವರ್ಷಗಟ್ಟಲೆ ಬಡಿದಾಡಿದರು. ವಿಶ್ವವಿದ್ಯಾಲಯಗಳ ವೆಬ್‌ಸೈಟ್ ಸ್ಥಳಾಂತರದಲ್ಲಿ ಆ ಕೆಲಸವನ್ನೇ ಯಾರೂ ಮಾಡುತ್ತಿಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಾನಾಗಿಯೇ ಕಳಿಸುವ ಏರ್ಪಾಟು ತಾಂತ್ರಿಕವಾಗಿ ಒಂದೆರಡು ಸಾಲಿನ ಕೆಲಸ. ಅದನ್ನು ಮಾಡುವ ಹೊಣೆ ಮಾತ್ರ ಯಾರ ಮೇಲೂ ಇಲ್ಲ.

ಒಂದೇ ವ್ಯವಸ್ಥೆ ಎಂಬುದು ಹೊಸ ವಿಚಾರವೇನಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಒಂದು ಸಾಮಾನ್ಯ ತಾಣ ಕಟ್ಟಿಕೊಟ್ಟಿತ್ತು. ‘ಜಿಎಫ್‌ಜಿಸಿ ಡಾಟ್ ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಹೊಡೆದು ಮುಂದೆ ಊರಿನ ಹೆಸರು ಹಾಕಿದರೆ ಆ ಊರಿನ ಸರ್ಕಾರಿ ಕಾಲೇಜಿನ ಪುಟ ಬರುತ್ತಿತ್ತು. ದಾರಿ ಸರಿಯಾಗಿತ್ತು. ಆದರೆ ಅನುದಾನಿತ ಮತ್ತು ಖಾಸಗಿ ಕಾಲೇಜುಗಳು ಅದರ ಹೊರಗೆ ಉಳಿದವು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯಲ್ಲಿ ಉನ್ನತ ಶಿಕ್ಷಣವನ್ನು ಬೆಳೆಸಿದ್ದೇ ಸಂಘ ಸಂಸ್ಥೆಗಳ ಕಾಲೇಜುಗಳಾದ್ದರಿಂದ ನಮ್ಮ ಬಹುಪಾಲು ಮಕ್ಕಳಿಗೆ ಅದರ ಉಪಯೋಗ ತಟ್ಟಲಿಲ್ಲ. ಇನ್ನೊಂದು, ಎನ್‌ಐಸಿಯದೇ ಎಸ್‌ತ್ರೀವಾಸ್ ಎಂಬ ವೇದಿಕೆ. ಸುರಕ್ಷಿತವಾದ, ಅಂಗವಿಕಲರಿಗೂ ಬಳಸಲು ಬರುವ, ಕನ್ನಡ–ಇಂಗ್ಲಿಷ್ ಎರಡರಲ್ಲೂ ನಡೆಯುವ ಸರ್ಕಾರಿ ವೆಬ್‌ಸೈಟನ್ನು ಸಿದ್ಧ ಅಚ್ಚಿನಲ್ಲಿ ಕೊಡುವ ವ್ಯವಸ್ಥೆ ಅದು. ಬಾಗಲಕೋಟೆ ಜಿಲ್ಲಾಡಳಿತದ ವೆಬ್‌ಸೈಟ್ ನಡೆಯುವುದು ಅದರ ಮೇಲೆಯೇ. ಜಿಲ್ಲಾಡಳಿತಕ್ಕೆ ಆಗುವುದು ಪದವಿ ಕಾಲೇಜಿಗೆ ಏಕೆ ಆಗಬಾರದು?

ಎಲ್ಲರೂ ಬಲ್ಲ ಮೂರನೆಯದು ಯುಯುಸಿಎಂಎಸ್. 2021–22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶಗಳನ್ನು ಒಂದೇ ತಂತ್ರಾಂಶದೊಳಗೆ ತಂದರು. ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಜಿ ಹಿಡಿದು ಕೌಂಟರಿನ ಮುಂದೆ ಸಾಲು ನಿಲ್ಲುವುದು ತಪ್ಪಿದೆ. ಆದರೆ ಅದನ್ನು ತಂದ ರೀತಿಯಿಂದ ಕಲಿಯುವುದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಹೊಸ ನಾಲ್ಕು ವರ್ಷದ ಪದವಿ, ಹೊಸ ವಿಷಯ ಜೋಡಣೆ, ಹೊಸ ತಂತ್ರಾಂಶ ಎಲ್ಲ ಒಮ್ಮೆಗೇ, ಎಲ್ಲ ಕಡೆಯೂ ಬಂದವು. ಫಲಿತಾಂಶ ತಡ, ಅಂಕಪಟ್ಟಿಯಲ್ಲಿ ದೋಷ, ಸರ್ವರ್ ಇಲ್ಲ ಎಂಬ ದೂರುಗಳು ಪತ್ರಿಕೆಗಳಲ್ಲಿ ತುಂಬಿದವು. ವಿದ್ಯಾರ್ಥಿಗಳು ಬೀದಿಗಿಳಿದರು. 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು, ತಂತ್ರಾಂಶವೂ ಮತ್ತೆ ಹೊಂದಿಕೊಳ್ಳಬೇಕಾಯಿತು. ವಿದ್ಯಾರ್ಥಿಗಳ ಮಾಹಿತಿಯನ್ನು ತುಂಬುವ ಕಾಲೇಜಿನ ಮಂದಿಗೆ ಕಲಿಸುವುದಕ್ಕೆ ಮೊದಲೇ ಕೆಲಸ ಶುರುವಾಯಿತು ಎಂಬುದು ನನ್ನ ಅಭಿಪ್ರಾಯ. ವೆಬ್ ವ್ಯವಸ್ಥೆ ತರುವಾಗ ಹೀಗೆ ಕ್ರಮ ತಿರುವುಮುರುವಾಗಬಾರದು.

ಅಂಥ ವ್ಯವಸ್ಥೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಭಯವೂ ಹೋಗುತ್ತದೆ, ಅತಿ ಆಸೆಯೂ ಹೋಗುತ್ತದೆ. ವೆಬ್ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದರೆ ಕೋಡ್ ಬರೆಯಲು ಬಾರದವರೂ ಪುಟ ಬರೆದು ಪ್ರಕಟಿಸಲು ಅನುವು ಮಾಡುವ ತಂತ್ರಾಂಶ. ವರ್ಡ್‌ಪ್ರೆಸ್ ಅಂಥದೊಂದು, ದ್ರುಪಾಲ್ ಇನ್ನೊಂದು. ದ್ರುಪಾಲ್ ಹುಟ್ಟಿದ್ದೇ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ, ಓದುತ್ತಿದ್ದ ಡ್ರೀಸ್ ಬೈಟಾರ್ಟ್ ಎಂಬ ಹುಡುಗ ತನ್ನ ಜೊತೆಗಾರರು ಸುದ್ದಿ ಹಂಚಿಕೊಳ್ಳಲೆಂದು ಮಾಡಿದ ಪುಟದಿಂದ. 2001ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟ. ಇವಕ್ಕೆ ಲೈಸೆನ್ಸಿನ ಹಣ ಕೊಡಬೇಕಿಲ್ಲ. ಒಂದೇ ಕಡೆ ತಂತ್ರಾಂಶವನ್ನು ಸ್ಥಾಪಿಸಿ ನೂರಾರು ಕಾಲೇಜುಗಳಿಗೆ ಪ್ರತ್ಯೇಕ ತಾಣ ಕೊಡಬಹುದು. ಸುತ್ತೋಲೆ ಬರೆಯುವವರು ಒಬ್ಬರು, ಓದಿ ಒಪ್ಪಿಗೆ ಕೊಡುವವರು ಇನ್ನೊಬ್ಬರು ಎಂದು ಅಧಿಕಾರ ಹಂಚಬಹುದು. ಯಾರು ಯಾವಾಗ ಏನು ತಿದ್ದಿದರು ಎಂಬ ಚರಿತ್ರೆ ಅದರಲ್ಲೇ ಉಳಿಯುತ್ತದೆ. ವಿಶ್ವವಿದ್ಯಾಲಯ ಪರೀಕ್ಷಾ ದಿನಾಂಕವನ್ನು ಒಂದು ಕಡೆ ಬದಲಿಸಿದರೆ ಸಂಯೋಜಿತ ಕಾಲೇಜುಗಳೆಲ್ಲದರ ಪುಟದಲ್ಲೂ ಅದು ಬದಲಾಗುತ್ತದೆ. ಈ ಕೊನೆಯ ಅನುಕೂಲ ಒಂದಿದ್ದರೂ ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಹಳೆಯ ಫೋಟೊಗಳ ಕಾಟ ಮುಕ್ಕಾಲು ಪಾಲು ತೀರುತ್ತದೆ.

ಸುರಕ್ಷತೆಯ ಮಾತಂತೂ ಒಂಟಿ ಕಾಲೇಜಿನ ಕೈ ಮೀರಿದ್ದು. 2014ರ ಅಕ್ಟೋಬರ್ 15ರಂದು ದ್ರುಪಾಲ್‌ನಲ್ಲಿ ಒಂದು ದೊಡ್ಡ ಬಿರುಕು ಬಯಲಾಯಿತು. ಏಳು ಗಂಟೆಯೊಳಗೆ ದುರಸ್ತಿ ಮಾಡಿಕೊಳ್ಳದ ತಾಣಗಳು ಹ್ಯಾಕ್ ಆಗಿವೆ ಎಂದೇ ತಿಳಿಯಿರಿ ಎಂದು ಅದರ ಭದ್ರತಾ ತಂಡ ಆಮೇಲೆ ಎಚ್ಚರಿಕೆ ಕೊಟ್ಟಿತು. ಏಳು ಗಂಟೆ! ನಮ್ಮ ಕಾಲೇಜುಗಳಲ್ಲಿ ಅಂಥ ಎಚ್ಚರಿಕೆ ಬಂದಿದೆ ಎಂದು ತಿಳಿಯುವವರೇ ಇಲ್ಲ. ಒಂದೇ ವ್ಯವಸ್ಥೆಯಿದ್ದರೆ ಒಂದು ತಂಡ ಒಂದು ರಾತ್ರಿಯಲ್ಲಿ ಎಲ್ಲರ ಪರವಾಗಿ ಆ ಕೆಲಸ ಮುಗಿಸುತ್ತದೆ.

ಇದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ಎಲ್ಲ ಒಂದೇ ಕಡೆ ಇಟ್ಟರೆ ಅದು ಕೆಟ್ಟ ದಿನ ಎಲ್ಲರೂ ಕೆಡುತ್ತಾರೆ ಎಂದು ಒಬ್ಬ ಹಿರಿಯ ಪ್ರಾಧ್ಯಾಪಕರು ನನ್ನೊಂದಿಗೆ ವಾದಿಸಿದರು. ಅದಕ್ಕೆ ಪ್ರತಿದಿನ ಪ್ರತಿ ತೆಗೆದು ಬೇರೆ ಊರಿನಲ್ಲಿ ಇಡುವುದೇ ಮದ್ದು. ಈಗಿನ ಸ್ಥಿತಿಯಲ್ಲಿ ಕಾಲೇಜುಗಳ ಹತ್ತಿರ ಯಾವ ಪ್ರತಿಯೂ ಇಲ್ಲ. ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದೆನಿಸುತ್ತದೆ: ಬೆಂಗಳೂರಿನಿಂದ ನಡೆಸುವ ವ್ಯವಸ್ಥೆಯಾದರೆ ಬನಹಟ್ಟಿಯ ಕಾಲೇಜು ಒಂದು ರಜೆಯ ಸೂಚನೆ ಹಾಕಲೂ ಅನುಮತಿ ಕೇಳಿ ಕಾಯಬೇಕಾದೀತು ಎಂಬುದು. ಹಾಗಾದರೆ ವ್ಯವಸ್ಥೆ ಸತ್ತಂತೆಯೇ. ತಂತ್ರಾಂಶ, ಸುರಕ್ಷತೆ, ವಿಳಾಸ ಕೇಂದ್ರದ ಹೊಣೆಯಾಗಲಿ. ಏನು ಬರೆಯಬೇಕು, ಯಾವ ಫೋಟೊ ಹಾಕಬೇಕು, ನೇಕಾರರ ಮಕ್ಕಳು ಗೆದ್ದ ಕಬಡ್ಡಿ ಪಂದ್ಯದ ಸುದ್ದಿ ಮೊದಲು ಬರಬೇಕೋ ಪ್ರಾಂಶುಪಾಲರ ಸಂದೇಶ ಮೊದಲು ಬರಬೇಕೋ ಎಂಬುದನ್ನು ಆ ಕಾಲೇಜೇ ತೀರ್ಮಾನಿಸಲಿ.

ಇದು ಆಗುವ ಮಾತು ಎಂಬುದಕ್ಕೆ ನೆರೆಯ ಕೇರಳ ಸಾಕ್ಷಿ. ಅಲ್ಲಿಯ ಐಟಿ@ಸ್ಕೂಲ್ ಯೋಜನೆ, ಈಗ ಅದರ ಹೆಸರು ಕೈಟ್, 2009ರಲ್ಲಿ ಸ್ಕೂಲ್‌ವಿಕಿ ಎಂಬುದನ್ನು ಶುರು ಮಾಡಿತು. ವಿಕಿಪೀಡಿಯ ನಡೆಯುವ ತಂತ್ರಾಂಶವೇ ಅದರ ಬುಡದಲ್ಲಿದೆ. 15 ಸಾವಿರಕ್ಕೂ ಹೆಚ್ಚು ಶಾಲೆಗಳು ಒಂದೇ ವೇದಿಕೆಯಲ್ಲಿವೆ. ಆದರೆ ಪ್ರತಿ ಶಾಲೆಯ ಪುಟವನ್ನು ಬರೆಯುವುದು ಅಲ್ಲಿನ ಶಿಕ್ಷಕರು ಮತ್ತು ಮಕ್ಕಳು, ತಮ್ಮ ಭಾಷೆಯಲ್ಲಿ. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅದರಲ್ಲಿ ಪುಟಗಳಿವೆ. ದೂರದ ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯ ತನ್ನ ವಿಭಾಗಗಳ ಪುಟಗಳನ್ನು ದ್ರುಪಾಲ್ ಮೇಲೆ ಕಟ್ಟಿದ ಎಡ್‌ವೆಬ್ ಎಂಬ ಒಂದೇ ವ್ಯವಸ್ಥೆಗೆ ತಂದಾಗ, ತರಬೇತಿ ಮುಗಿಸಿದ ಸಿಬ್ಬಂದಿಗಷ್ಟೇ ಬರೆಯುವ ಅವಕಾಶ ಕೊಟ್ಟಿತು. ಕೆಲಸವನ್ನು ಕಲಿಸಿ ಆಮೇಲೆ ಕೈಗೆ ಕೊಡುವುದು ನಮಗೂ ಬರಬೇಕಾದ ಪದ್ಧತಿ.

ಇನ್ನು ಪುಟದೊಳಗಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಸುತ್ತೋಲೆಯನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ ಹಾಕುತ್ತಾರೆ, ಸೀಲು ಒತ್ತುತ್ತಾರೆ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಹಾಕುತ್ತಾರೆ. ಅಲ್ಲಿಗೆ ಅಕ್ಷರವೆಲ್ಲ ಹೋಗಿ ಚಿತ್ರವಾಯಿತು. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿ ಅತ್ತಿತ್ತ ಸರಿಸುತ್ತ ಓದಬೇಕು.

ಕಣ್ಣು ಕಾಣದ ಒಬ್ಬ ಹುಡುಗ ನಮ್ಮ ಗ್ರಂಥಾಲಯಕ್ಕೆ ಬರುತ್ತಾನೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದ್ದೇವೆ, ಪರದೆಯ ಮೇಲಿನ ಕನ್ನಡವನ್ನು ಅದು ಓದಿ ಹೇಳುತ್ತದೆ. ಪತ್ರಿಕೆಗಳ ಸುದ್ದಿಯನ್ನು ಅವನು ಹಾಗೆಯೇ ಕೇಳುತ್ತಾನೆ, ಎಷ್ಟು ವೇಗವಾಗಿ ಅಂದರೆ ಪಕ್ಕದಲ್ಲಿ ಕುಂತ ನನಗೆ ಒಂದು ಪದವೂ ಹಿಡಿತಕ್ಕೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಪಡೆಯುವುದು ಹೇಗೆ ಎಂಬ ಸುತ್ತೋಲೆ ತೆರೆದ ದಿನ ಯಂತ್ರ ಏನನ್ನೂ ಓದದೆ ಸುಮ್ಮನಾಯಿತು. ಇಡೀ ಕಡತ ಒಂದು ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ‘ಮೇಡಮ್ಮಾರ, ಇದು ನನಗ ಬರದದ್ದೇ ಅಲ್ಲೇನ್ರಿ? ನನಗs ಓದಾಕ ಬರವಲ್ದು’ ಎಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2009ರಿಂದ ಭಾರತ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿ ಇದೆ, 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. ಸುತ್ತೋಲೆಯನ್ನು ಯೂನಿಕೋಡ್ ಕನ್ನಡದಲ್ಲಿ ಪುಟದ ಮೇಲೆಯೇ ಬರೆದು, ಸಹಿಯ ಪ್ರತಿಯನ್ನು ಬೇಕಾದರೆ ಕೆಳಗೆ ಲಗತ್ತಿಸುವುದನ್ನು ಕಡ್ಡಾಯ ಮಾಡಿದರೆ ಅವನ ಕಷ್ಟವೂ ನಮ್ಮ ಓಣಿಯ ಹುಡುಗಿಯ ಕಷ್ಟವೂ ಒಟ್ಟಿಗೇ ತೀರುತ್ತವೆ. ಹಂಚಿಕೊಂಡ ವ್ಯವಸ್ಥೆಯಲ್ಲಿ ಈ ನಿಯಮವನ್ನು ತಂತ್ರಾಂಶದೊಳಗೇ ಕೂಡಿಸಬಹುದು: ದಿನಾಂಕ, ಯಾವ ಸೆಮಿಸ್ಟರಿಗೆ, ಕೊನೆಯ ದಿನ, ಇವನ್ನು ತುಂಬದೆ ಸುತ್ತೋಲೆ ಪ್ರಕಟವಾಗಲೇಬಾರದು.

ಹಣದ ಪ್ರಶ್ನೆ ಬಂದೇ ಬರುತ್ತದೆ. ತಂತ್ರಾಂಶಕ್ಕೆ ಹೆಚ್ಚು ಹಣ ಬೇಕಿಲ್ಲ, ಮನುಷ್ಯರಿಗೆ ಬೇಕು. ಪ್ರತಿ ಕಾಲೇಜಿನಲ್ಲೂ ಈ ಕೆಲಸ ಒಬ್ಬರ ಹೆಸರಿನಲ್ಲಿ, ಕಾರ್ಯಭಾರದ ಲೆಕ್ಕಕ್ಕೆ ಸೇರಿ, ಸಂಭಾವನೆಯೊಂದಿಗೆ ಇರಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಯುತ್ತಿವೆ. ಅವರಿಂದ ಪುಕ್ಕಟೆ ಮಾಡಿಸಿಕೊಂಡ ಕೆಲಸ ಅವರೊಂದಿಗೇ ಊರು ಬಿಡುತ್ತದೆ. ನಾಲ್ಕೈದು ಕಾಲೇಜಿಗೆ ಒಬ್ಬ ತಾಂತ್ರಿಕ ಸಹಾಯಕ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಓಡಾಡಿಕೊಂಡಿದ್ದರೆ ಸಾಕು. ಫೋನ್ ಮಾಡಿದರೆ ಬೆಂಗಳೂರಿನ ಹೆಲ್ಪ್‌ಲೈನಿನ ಸಂಗೀತ ಕೇಳುತ್ತ ಕುಂದರುವ ಬದಲು ಗುರುತಿನ ಮನುಷ್ಯನೊಬ್ಬ ಬೈಕಿನ ಮೇಲೆ ಬಂದು ಪಕ್ಕದಲ್ಲಿ ಕುಂತು ತೋರಿಸಬೇಕು. ಬೀಳಗಿ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯ ತಮ್ಮ ನನಗೆ ಹೇಳಿದ್ದು ಸರಿಯಾಗಿದೆ: ‘ಫಾರ್ಮ್ ತುಂಬೂದು ಹತ್ತ ನಿಮಿಷದ ಕೆಲಸ ಐತ್ರಿ ಅಕ್ಕಾರ. ಯಾವ ವೆಬ್‌ಸೈಟಿನಾಗ ಎಲ್ಲಿ ಐತಿ ಅಂತ ಹುಡುಕೂದ್ರಾಗ ಅರ್ಧ ದಿನ ಹೋಗ್ತೈತಿ.’ ಆ ಅರ್ಧ ದಿನಕ್ಕೆ ಅವನೂ ದುಡ್ಡು ತಗೊಳ್ಳಲೇಬೇಕು, ಅದೂ ಅವನ ಹೊಟ್ಟೆಪಾಡು. ಕೊಡುವವರು ನಮ್ಮ ಮಕ್ಕಳು.

ಶುರು ಮಾಡುವುದಾದರೆ ಬಾಗಲಕೋಟೆ ವಿಶ್ವವಿದ್ಯಾಲಯದಿಂದಲೇ ಮಾಡಲಿ. ಹೊಸದು, ಚಿಕ್ಕದು, ಒಂದೇ ಜಿಲ್ಲೆಯದು. ಸಾಗಿಸಬೇಕಾದ ಹಳೆಯ ಗಂಟು ಕಡಿಮೆ. ಮೊದಲು ಕೆಲವೇ ಕಾಲೇಜುಗಳು, ಅವುಗಳಲ್ಲಿ ಒಂದು ಸರ್ಕಾರಿ, ಒಂದು ಅನುದಾನಿತ, ಒಂದು ಖಾಸಗಿ ಇರಲಿ. ಜೂನ್–ಜುಲೈನ ಪ್ರವೇಶದ ಗದ್ದಲದಲ್ಲಿ ಬೇಡ, ಪರೀಕ್ಷೆ ಮುಗಿದು ಸಿಬ್ಬಂದಿಗೆ ಉಸಿರಾಡಲು ಪುರುಸೊತ್ತು ಸಿಕ್ಕಾಗ ಆಗಲಿ. ಒಂದು ಇಡೀ ಶೈಕ್ಷಣಿಕ ವರ್ಷ ನಡೆಸಿ ನೋಡಿ, ಹುಡುಗರನ್ನೇ ಕೂರಿಸಿಕೊಂಡು ‘ನಿನ್ನ ಹಾಲ್ ಟಿಕೆಟ್ ಸೂಚನೆ ಹುಡುಕು’ ಎಂದು ಹೇಳಿ, ಅವರು ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ನಿಂತು ನೋಡಿ ತಿದ್ದಿಕೊಳ್ಳಲಿ. ಆಮೇಲೆ ಕೊಪ್ಪಳ, ಹಾವೇರಿ, ಬೀದರಕ್ಕೆ ಹೋಗಲಿ. ಧಾರವಾಡ, ಮೈಸೂರಿನಂಥ ಹಳೆಯ, ದೊಡ್ಡ ವಿಶ್ವವಿದ್ಯಾಲಯಗಳು ಕೊನೆಗೆ ಬಂದರೂ ಅಡ್ಡಿಯಿಲ್ಲ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಕಾಯಲಾಗದ ಕೆಲಸ ಒಂದಿದೆ. ಯಾವ ವಿಶ್ವವಿದ್ಯಾಲಯ ಉಳಿಯುತ್ತದೆ, ಯಾವುದು ಯಾವುದರಲ್ಲಿ ಸೇರುತ್ತದೆ ಎಂದು ತೀರ್ಮಾನಿಸುವ ಮೊದಲು, 2023ರಲ್ಲಿ ಹುಟ್ಟಿದ ಏಳೂ ವಿಶ್ವವಿದ್ಯಾಲಯಗಳ ವೆಬ್‌ಸೈಟುಗಳ ಪೂರ್ತಿ ಪ್ರತಿಯನ್ನು ತೆಗೆದಿಡುವಂತೆ ಉನ್ನತ ಶಿಕ್ಷಣ ಇಲಾಖೆ ಆದೇಶಿಸಬೇಕು. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಸುತ್ತೋಲೆ, ಫಲಿತಾಂಶದ ಪ್ರಕಟಣೆ ಒಂದನ್ನೂ ಬಿಡದೆ. ಅವುಗಳ ಮೂಲ ವಿಶ್ವವಿದ್ಯಾಲಯಗಳಲ್ಲಿ ಈ ಜಿಲ್ಲೆಗಳಿಗೆ ಸಂಬಂಧಿಸಿದ ಹಳೆಯ ಪುಟಗಳನ್ನೂ ಅದರೊಂದಿಗೆ ಕೂಡಿಸಬೇಕು. ಒಂದು ಪ್ರತಿ ರಾಜ್ಯದ ದತ್ತಾಂಶ ಕೇಂದ್ರದಲ್ಲಿ, ಇನ್ನೊಂದು ಆಯಾ ಜಿಲ್ಲೆಯ ಒಂದು ಕಾಲೇಜು ಗ್ರಂಥಾಲಯದಲ್ಲಿ ಇರಲಿ. ನಮ್ಮ ಜಿಲ್ಲೆಯ ಪ್ರತಿಯನ್ನು ಇಟ್ಟುಕೊಂಡು, ಕೇಳಿ ಬಂದವರಿಗೆ ಹುಡುಕಿ ಕೊಡುವ ಕೆಲಸಕ್ಕೆ ನಾವು ಗ್ರಂಥಪಾಲಕರು ಸಿದ್ಧರಿದ್ದೇವೆ. ಹಾರ್ಡ್ ಡಿಸ್ಕ್ ಮತ್ತು ಆದೇಶದ ಪ್ರತಿ ಕಳಿಸಿದರೆ ಸಾಕು.